ಒಂದೇ ಲಾಗಿನ್, ಹಲವು ಬಾಗಿಲು: ಕೂಟದ ಡ್ಯಾಶ್‌ಬೋರ್ಡಿಗೆ ಸಿಂಗಲ್ ಸೈನ್-ಆನ್



ಹೊಸ ಸಮಿತಿ ಬಂದಾಗಲೆಲ್ಲ ಹಳೆಯ ಸಮಿತಿಯಿಂದ ಎರಡು ವಸ್ತುಗಳು ಕೈ ಬದಲಾಯಿಸುತ್ತವೆ. ಒಂದು ಬ್ಯಾಂಕಿನ ಕಾಗದಪತ್ರ, ಇನ್ನೊಂದು ಪಾಸ್‌ವರ್ಡ್ ಬರೆದ ಚೀಟಿ. ನಮ್ಮ ಕೂಟದಲ್ಲೂ ಬಹಳ ಕಾಲ ಹೀಗೇ ನಡೆಯಿತು. ಸದಸ್ಯತ್ವ, ರಾಜ್ಯೋತ್ಸವದ ಟಿಕೆಟ್ ಮಾರಾಟ, ಕನ್ನಡ ತರಗತಿಯ ಹಾಜರಿ ಎಲ್ಲವನ್ನೂ ತೋರಿಸುವ ಗ್ರಫಾನಾ ಡ್ಯಾಶ್‌ಬೋರ್ಡಿಗೆ ಎಲ್ಲರಿಗೂ ಸೇರಿ ಒಂದೇ ಪಾಸ್‌ವರ್ಡ್. ಕೆಲಸ ಬದಲಿಸಿ ಬೇರೆ ಊರು ಸೇರಿದವರ ಬಳಿಯೂ ಅದೇ ಕೀಲಿಕೈ. ಅವರ ಮೇಲೆ ಅನುಮಾನವಿಲ್ಲ ಬಿಡಿ. ಆದರೆ ಆ ಡ್ಯಾಶ್‌ಬೋರ್ಡಿನ ಹಿಂದಿನ ಡೇಟಾಬೇಸಿನಲ್ಲಿ ಇರುವುದು ನಮ್ಮ ನಿಮ್ಮ ಮನೆಯ ಫೋನ್ ನಂಬರು, ಮಕ್ಕಳ ಹೆಸರು, ವಯಸ್ಸು. ಇದೇ ತೊಂದರೆಯಲ್ಲಿರುವ ಇತರ ಕೂಟಗಳ ಸ್ವಯಂಸೇವಕರಿಗೂ ನೆರವಾಗಲೆಂದು ಈ ಲೇಖನ.

ಸಿಂಗಲ್ ಸೈನ್-ಆನ್ ಎಂದರೇನು? ಸಮ್ಮೇಳನಕ್ಕೆ ಹೋದಾಗ ನೋಂದಣಿ ಕೌಂಟರಿನಲ್ಲಿ ಒಮ್ಮೆ ಗುರುತು ತೋರಿಸಿ ಕೈಗೆ ಪಟ್ಟಿ ಕಟ್ಟಿಸಿಕೊಳ್ಳುತ್ತೇವಲ್ಲ, ಹಾಗೆ. ಆಮೇಲೆ ಸಭಾಂಗಣದವರೂ ಊಟದ ಹಾಲಿನವರೂ ಪಟ್ಟಿ ನೋಡಿ ಒಳಗೆ ಬಿಡುತ್ತಾರೆ, ಮತ್ತೆ ಪಾಸ್‌ಪೋರ್ಟ್ ಕೇಳುವುದಿಲ್ಲ. ಕಂಪ್ಯೂಟರ್ ಲೋಕದಲ್ಲಿ ಆ ಕೌಂಟರಿಗೆ ಐಡೆಂಟಿಟಿ ಪ್ರೊವೈಡರ್ ಎಂದು ಹೆಸರು. ಗೂಗಲ್, ಮೈಕ್ರೋಸಾಫ್ಟ್, ಆಕ್ಟಾ ಇಂಥವು. ಸ್ವಂತ ಸರ್ವರಿನಲ್ಲೇ ನಡೆಸುವವರಿಗೆ ಕೀಕ್ಲೋಕ್ ಇದೆ. ದೊಡ್ಡ ಆಫೀಸುಗಳಲ್ಲಿ ಈ ಮಾತುಕತೆಗೆ 2005ರ ಸ್ಯಾಮಲ್ 2.0 ಭಾಷೆ ಇಂದಿಗೂ ಬಳಕೆಯಲ್ಲಿದೆ. ನಮ್ಮಂಥವರಿಗೆ 2014ರಲ್ಲಿ ಬಂದ ಓಪನ್‌ಐಡಿ ಕನೆಕ್ಟ್ ಸುಲಭ. ಅದು 2012ರ ಓಆತ್ 2.0 ಮೇಲೆ ಕಟ್ಟಿದ್ದು.

ಬಟನ್ ಒತ್ತಿದಾಗ ನಡೆಯುವುದು ಇಷ್ಟು. ಗ್ರಫಾನಾ ನಿಮ್ಮನ್ನು ಗೂಗಲ್ ಪುಟಕ್ಕೆ ಕಳಿಸುತ್ತದೆ. ಪಾಸ್‌ವರ್ಡ್ ಕೇಳುವುದು, ಎರಡನೇ ಹಂತದ ಪರೀಕ್ಷೆ ಮಾಡುವುದು ಎಲ್ಲ ಅಲ್ಲೇ. ಗೂಗಲ್ ಒಂದು ಅಲ್ಪಾಯುಷಿ ಕೋಡ್ ಕೊಟ್ಟು ವಾಪಸು ಕಳಿಸುತ್ತದೆ. ಗ್ರಫಾನಾ ಸರ್ವರ್ ಆ ಕೋಡಿನ ಜೊತೆ ತನ್ನ ಗುಟ್ಟಿನ ಪದವನ್ನೂ ಸೇರಿಸಿ ಗೂಗಲಿಗೆ ತೋರಿಸಿ, ನಿಮ್ಮ ಹೆಸರು, ಈಮೇಲ್ ಪಡೆಯುತ್ತದೆ. ನಿಮ್ಮ ಪಾಸ್‌ವರ್ಡ್ ಗ್ರಫಾನಾಕ್ಕೆ ತಿಳಿಯುವುದೇ ಇಲ್ಲ.

ಇನ್ನು ಕೆಲಸಕ್ಕೆ ಬರೋಣ. ಮೊದಲು ಕೂಟಕ್ಕೆ ಸ್ವಂತ ಡೊಮೇನ್ ಇರಲಿ, ಸಮಿತಿಯ ಪ್ರತಿಯೊಬ್ಬರಿಗೂ ಅದರಲ್ಲಿ ಬೇರೆ ಬೇರೆ ಈಮೇಲ್ ಇರಲಿ. ಲಾಭರಹಿತ ಸಂಸ್ಥೆಯಾಗಿ ನೋಂದಾಯಿಸಿಕೊಂಡ ಕೂಟಗಳಿಗೆ ಹಲವು ದೇಶಗಳಲ್ಲಿ ಗೂಗಲ್ ವರ್ಕ್‌ಸ್ಪೇಸ್ ಉಚಿತವಾಗಿ ಸಿಗುತ್ತದೆ, ಅರ್ಜಿ ಹಾಕಬೇಕಷ್ಟೆ. ನಂತರ ಗೂಗಲ್ ಕ್ಲೌಡ್ ಕನ್ಸೋಲಿನಲ್ಲಿ ಹೊಸ ಪ್ರಾಜೆಕ್ಟ್ ತೆರೆದು, ಕನ್ಸೆಂಟ್ ಸ್ಕ್ರೀನ್ ವಿಭಾಗದಲ್ಲಿ 'ಇಂಟರ್ನಲ್' ಆರಿಸಿ. ವೆಬ್ ಅಪ್ಲಿಕೇಶನ್ ಮಾದರಿಯ ಓಆತ್ ಕ್ಲೈಂಟ್ ಮಾಡಿದರೆ ಕ್ಲೈಂಟ್ ಐಡಿ, ಕ್ಲೈಂಟ್ ಸೀಕ್ರೆಟ್ ಎರಡೂ ಸಿಗುತ್ತವೆ. ಅವನ್ನು ಗ್ರಫಾನಾದ ಸೆಟ್ಟಿಂಗ್ಸ್ ಫೈಲಿನ ಗೂಗಲ್ ವಿಭಾಗದಲ್ಲಿ ತುಂಬಿ. ಹೊಸ ಆವೃತ್ತಿಗಳಲ್ಲಿ ಅಡ್ಮಿನ್ ಪುಟದಿಂದಲೂ ಆಗುತ್ತದೆ. ಸೀಕ್ರೆಟ್ ಅನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ ಎಂದು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಹೆಚ್ಚಿನವರು ಮುಗ್ಗರಿಸುವುದು ರೀಡೈರೆಕ್ಟ್ ವಿಳಾಸದಲ್ಲಿ. ಡ್ಯಾಶ್‌ಬೋರ್ಡಿನ ವಿಳಾಸದ ಕೊನೆಗೆ ಸ್ಲ್ಯಾಷ್ ಲಾಗಿನ್ ಸ್ಲ್ಯಾಷ್ ಗೂಗಲ್ ಎಂದು ಸೇರಿಸಿ (ಇಂಗ್ಲಿಷ್ ಅಕ್ಷರಗಳಲ್ಲೇ, ಅಭಿಮಾನ ಇಲ್ಲಿ ಬೇಡ) ಗೂಗಲಿನಲ್ಲಿ ದಾಖಲಿಸಬೇಕು. ಗ್ರಫಾನಾದ 'ರೂಟ್ ಯುಆರ್‌ಎಲ್' ಅದಕ್ಕೆ ಅಕ್ಷರಶಃ ಹೊಂದಬೇಕು. ಅದನ್ನು ಲೋಕಲ್‌ಹೋಸ್ಟ್ ಎಂದೇ ಬಿಟ್ಟಿದ್ದರೆ ಅಥವಾ ಎಚ್‌ಟಿಟಿಪಿಎಸ್‌ನ ಒಂದು 'ಎಸ್' ತಪ್ಪಿದ್ದರೆ 'ಮಿಸ್‌ಮ್ಯಾಚ್' ಎಂಬ ಎರರ್ ಬರುತ್ತದೆ. ನಮ್ಮ ಒಂದು ಇಡೀ ಶನಿವಾರ ಆ 'ಎಸ್'ಗೆ ಹೋಯಿತು.

ಲಾಗಿನ್ ಆಯಿತೆಂದು ಖುಷಿಪಡುವ ಮೊದಲು, ಬಾಗಿಲು ಯಾರಿಗೆ ತೆರೆಯುತ್ತಿದೆ ಎಂದು ನೋಡಿ. 'ಅಲೋಡ್ ಡೊಮೇನ್ಸ್' ಜಾಗದಲ್ಲಿ ಕೂಟದ ಡೊಮೇನ್ ಮಾತ್ರ ಇರಲಿ. ಸಮಿತಿಯವರೆಲ್ಲ ಜಿಮೇಲ್ ಬಳಸುತ್ತಾರೆಂದು ಅಲ್ಲಿ ಜಿಮೇಲ್ ಎಂದು ಬರೆದರೆ ಇಡೀ ಪ್ರಪಂಚವನ್ನು ಆಹ್ವಾನಿಸಿದಂತೆ. ಹೊಸಬರಿಗೆ ಗ್ರಫಾನಾ ತಾನಾಗಿ ಕೊಡುವುದು 'ವ್ಯೂವರ್' ಪಾತ್ರ, ನೋಡಲಷ್ಟೇ ಅಂದುಕೊಳ್ಳುತ್ತೇವೆ. ಆದರೆ ಉಚಿತ ಆವೃತ್ತಿಯಲ್ಲಿ ವ್ಯೂವರ್ ಕೂಡ ಜೋಡಿಸಿದ ಡೇಟಾಬೇಸಿಗೆ ತನಗೆ ಬೇಕಾದ ಪ್ರಶ್ನೆ ಕಳಿಸಬಲ್ಲ. ಪರದೆಯ ಮೇಲೆ ಬರೀ ಒಟ್ಟು ಸಂಖ್ಯೆ ಇದ್ದರೂ ಹಿಂದಿನ ಫೋನ್ ನಂಬರುಗಳು ಎಟಕುತ್ತವೆ. ಇದಕ್ಕೆ ಮದ್ದು ಲಾಗಿನ್‌ನಲ್ಲಿಲ್ಲ, ಡೇಟಾಬೇಸಿನಲ್ಲಿದೆ. ಒಟ್ಟು ಲೆಕ್ಕಗಳನ್ನಷ್ಟೇ ಓದಬಲ್ಲ ಒಂದು ಬೇರೆ ಖಾತೆ ಮಾಡಿ, ಗ್ರಫಾನಾಕ್ಕೆ ಅದನ್ನೇ ಕೊಡಿ.

ಈಮೇಲನ್ನೇ ಗುರುತು ಎಂದು ನಂಬುವುದೂ ಅಪಾಯ. 2023ರ ಜೂನ್‌ನಲ್ಲಿ ಗ್ರಫಾನಾದಲ್ಲಿ ಇಂಥದ್ದೇ ಗಂಭೀರ ದೋಷವೊಂದು ಬಹಿರಂಗವಾಯಿತು. ಮೈಕ್ರೋಸಾಫ್ಟಿನ ಅಝೂರ್ ಎಡಿಯಲ್ಲಿ (ಈಗ ಎಂಟ್ರಾ ಐಡಿ) ಈಮೇಲ್ ಎಂಬ ಜಾಗವನ್ನು ಬದಲಿಸಿಕೊಳ್ಳಲು ಸಾಧ್ಯವಿತ್ತು. ಬೇರೆ ಸಂಸ್ಥೆಯವರನ್ನೂ ಒಪ್ಪುವಂತೆ ಜೋಡಿಸಿದ ಕಡೆ, ಇನ್ನೊಬ್ಬರ ಈಮೇಲ್ ಹಾಕಿಕೊಂಡು ಅವರ ಖಾತೆಗೇ ನುಗ್ಗಬಹುದಿತ್ತು. ಅದನ್ನು ಆಗಲೇ ಸರಿಪಡಿಸಿದ್ದಾರೆ. ಹಳೆಯ ಆವೃತ್ತಿಯನ್ನೇ ಓಡಿಸುತ್ತಿರುವವರು ದಯವಿಟ್ಟು ಅಪ್‌ಡೇಟ್ ಮಾಡಿ.

ಇನ್ನು ಸಮಿತಿ ಬಿಟ್ಟವರ ವಿಷಯ. ಗೂಗಲ್ ಖಾತೆ ನಿಲ್ಲಿಸಿದರೆ ಅವರು ಮತ್ತೆ ಲಾಗಿನ್ ಆಗಲಾರರು, ನಿಜ. ಆದರೆ ಈಗಾಗಲೇ ಒಳಗಿರುವವರ ಕೈಪಟ್ಟಿ ತಕ್ಷಣ ಹರಿದು ಹೋಗದಿರಬಹುದು. ಗ್ರಫಾನಾದ ಮೂಲ ಸೆಟ್ಟಿಂಗ್ ಪ್ರಕಾರ, ಬಳಸದಿದ್ದರೆ 7 ದಿನ, ಬಳಸುತ್ತಲೇ ಇದ್ದರೆ 30 ದಿನ ಅದರ ಆಯುಸ್ಸು. ಹಾಗಾಗಿ ಬೀಳ್ಕೊಡುಗೆಯ ದಿನವೇ ಅಡ್ಮಿನ್ ಪುಟದಿಂದ ಅವರನ್ನು ಲಾಗೌಟ್ ಮಾಡಿಸಿ.

ಗೂಗಲ್ ಕೈಕೊಟ್ಟ ದಿನಕ್ಕೆಂದು ಗ್ರಫಾನಾದ್ದೇ ಒಂದು ಅಡ್ಮಿನ್ ಖಾತೆ ಉಳಿಸಿಕೊಳ್ಳಿ. ಅದರ ಹುಟ್ಟು ಪಾಸ್‌ವರ್ಡ್ 'ಅಡ್ಮಿನ್' ಎಂದೇ ಇರುತ್ತದೆ, ಮೊದಲು ಅದನ್ನು ಬದಲಿಸಿ. ಹೊಸದನ್ನು ಲಕೋಟೆಯಲ್ಲಿ ಮುಚ್ಚಿ ಖಜಾಂಚಿಯವರ ಬಳಿ ಇಡಿ. ಬ್ಯಾಂಕಿನ ಕಾಗದಪತ್ರದ ಜೊತೆ ಅದೂ ಹೊಸ ಸಮಿತಿಗೆ ಹೋಗಲಿ, ಹೋದ ದಿನವೇ ಬದಲಾಗಲಿ.