ನೂರೆಂಟು ದಿನಗಳಲ್ಲಿ ನಮ್ಮ ಕಣ್ಣಿಗೆ ಬೀಳದವರು

೨೦೦೦ದ ಜುಲೈ ೩೦ರ ರಾತ್ರಿ ಗಾಜನೂರಿನಿಂದ ಡಾ. ರಾಜಕುಮಾರ್ ಅವರ ಅಪಹರಣವಾದಾಗ, ಕನ್ನಡ, ತಮಿಳು, ತೆಲುಗು ಒಂದೇ ಬೀದಿಯಲ್ಲಿ ಕೇಳಿಬರುವ ನಮ್ಮ ಬಂಗಾರಪೇಟೆ ಮತ್ತು ಚಿನ್ನದ ಗಣಿಯ ಸೀಮೆಯಲ್ಲಿ ಆತಂಕ ಮನೆಮಾಡಿತ್ತು. ೧೯೯೧ರ ಡಿಸೆಂಬರಿನ ಕಾವೇರಿ ಗಲಭೆಯಲ್ಲಿ ಬೆಂಗಳೂರಿನ ತಮಿಳು ಕೂಲಿಕಾರರು ಗಂಟುಮೂಟೆ ಕಟ್ಟಿ ಊರು ಬಿಟ್ಟದ್ದನ್ನು ಯಾರೂ ಮರೆತಿರಲಿಲ್ಲ. ಹೀಗಾಗಿ ಆ ನೂರೆಂಟು ದಿನ ನಾವು ಎರಡು ಭಾಷೆಗಳ ವೈಮನಸ್ಯವನ್ನಷ್ಟೇ ಕಂಡೆವು. ಬೇಡಿಕೆಗಳ ಪಟ್ಟಿಯಲ್ಲಿದ್ದ ಒಂದು ಸಾಲು, ಮೈಸೂರಿನ ಸೆರೆಯಲ್ಲಿದ್ದ ೫೧ ಟಾಡಾ ಬಂದಿಗಳ ಬಿಡುಗಡೆ, ನಮ್ಮ ಗಮನವನ್ನು ಹೆಚ್ಚು ಸೆಳೆಯಲಿಲ್ಲ.

ವೀರಪ್ಪನ್ ಮೂಲತಃ ಪ್ರತ್ಯೇಕತಾವಾದಿಯಲ್ಲ. ಅವನು ದಂತಚೋರ, ಗಂಧಚೋರ, ಕೊಲೆಗಡುಕ. ಆದರೆ ಅಷ್ಟು ಹೊತ್ತಿಗೆ ತಮಿಳುನಾಡು ವಿಮೋಚನಾ ಸೇನೆಯಂತಹ ಪ್ರತ್ಯೇಕತಾವಾದಿ ಗುಂಪುಗಳು ಕಾಡಿನಲ್ಲಿ ಅವನೊಡನೆ ಕೂಡಿಕೊಂಡಿದ್ದವು. ಬಂದಿಗಳ ಸಂಕಟ ನಿಜವಾದುದೇ. ಅದನ್ನು ಚೌಕಾಸಿಯ ದಾಳವಾಗಿಸಿದವರಿಗೆ ಆ ಸಂಕಟದ ಬಗೆಗೆ ಎಷ್ಟು ಕನಿಕರವಿತ್ತೆಂಬುದು ನನಗೆ ಸಂದೇಹವೇ.

೧೯೯೧ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, ೧೯೯೨ರ ಆಗಸ್ಟಿನಲ್ಲಿ ಎಸ್.ಪಿ. ಹರಿಕೃಷ್ಣ ಮತ್ತು ಶಕೀಲ್ ಅಹಮದ್ ಕೊಲೆಯಾದರು. ೧೯೯೩ರ ಏಪ್ರಿಲ್ ೯ರಂದು ಪಾಲಾರ್ ಬಳಿ ನೆಲಬಾಂಬಿಗೆ ೨೨ ಮಂದಿ ಬಲಿಯಾದರು. ಬಳಿಕ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳು, ಗಡಿ ಭದ್ರತಾ ಪಡೆಯೂ ಸೇರಿ, ಕಾಡನ್ನು ಜಾಲಾಡತೊಡಗಿದವು. ಅಕ್ಕಿ ಬೇಳೆ ಒದಗಿಸಿದನೆಂಬ ಶಂಕೆಯೊಂದೇ ಬಂಧನಕ್ಕೆ ಸಾಕಾಗುತ್ತಿತ್ತು. ಪೊಲೀಸರೊಡನೆ ಮಾತಾಡಿದರೆ ವೀರಪ್ಪನ್ ಕೊಲ್ಲುತ್ತಿದ್ದ. ಮಾತಾಡದಿದ್ದರೆ ಕಾರ್ಯಪಡೆ ಎಳೆದೊಯ್ಯುತ್ತಿತ್ತು. ಜೇನು, ನೆಲ್ಲಿಕಾಯಿ, ಸೌದೆಗೆಂದು ಕಾಡನ್ನೇ ನಂಬಿದ್ದ ಸೋಲಿಗರಿಗೂ ತಮಿಳು ಮಾತಿನ ಬಡ ರೈತರಿಗೂ ಕಾಡು ಹೊಗುವುದೇ ಅಪರಾಧವೆಂಬಂತಾಯಿತು. ಎಷ್ಟೋ ಮಂದಿ ಹೊಲ ಬೀಳುಬಿಟ್ಟು ನೆಂಟರ ಊರು ಸೇರಿದರು.

ಮಿಜೋ ಬೆಟ್ಟಗಳಲ್ಲಿ ೧೯೬೬ರ ಬಂಡಾಯದ ನಂತರ ಸೈನ್ಯವು ಹಳ್ಳಿಗಳನ್ನೇ ಎತ್ತಿ ರಸ್ತೆಬದಿಗೆ ತಂದು ಕೂಡಿಹಾಕಿತ್ತು. ಬಂಡುಕೋರರಿಗೆ ಅನ್ನ ಸಿಗಬಾರದೆಂಬುದು ಉದ್ದೇಶ. ಕೈತಪ್ಪಿದ್ದು ಜನರ ಝೂಮ್ ಬೇಸಾಯ. ಮಹದೇಶ್ವರ ಬೆಟ್ಟದ ತಪ್ಪಲಿನಲ್ಲಿ ಅಂಥ ಆಜ್ಞೆಯೇನೂ ಹೊರಡಲಿಲ್ಲ. ಅಲ್ಲಿ ಭಯವೇ ಆಜ್ಞೆಯ ಕೆಲಸ ಮಾಡಿತು. ೨೦೦೧ರ ಫೆಬ್ರವರಿ ೨೮ರಂದು ನಮ್ಮ ಗಣಿಗಳು ಮುಚ್ಚಿದಾಗ ಕೆಲಸ ಕಳೆದುಕೊಂಡ ಕುಟುಂಬಗಳವರು ಮಾರಿಕುಪ್ಪಂನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಹೋದರು. ಅವರಿಗೆ ರೈಲಾದರೂ ಇತ್ತು!

ಬಂದಿಗಳ ಬಿಡುಗಡೆಗೆ ಸರ್ಕಾರ ಒಪ್ಪಿದಾಗ, ಹತನಾದ ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ೨೦೦೦ದ ನವೆಂಬರ್ ೭ರಂದು ನ್ಯಾಯಾಲಯ ಬಿಡುಗಡೆಗೆ ತಡೆಯೊಡ್ಡಿತು. ಮಗನನ್ನು ಕಳೆದುಕೊಂಡ ಆ ತಂದೆಯ ವಾದ ನ್ಯಾಯವಾದುದೇ. ಮರುವರ್ಷ ಮೈಸೂರಿನ ಟಾಡಾ ನ್ಯಾಯಾಲಯವು ವಿಚಾರಣೆ ಮುಗಿಸಿ, ಆರೋಪಿಗಳಲ್ಲಿ ಬಹುಪಾಲು ಜನರನ್ನು ನಿರ್ದೋಷಿಗಳೆಂದು ಬಿಟ್ಟಿತು. ಅವರಲ್ಲಿ ಹಲವರು ಅಷ್ಟರಲ್ಲಿ ಏಳೆಂಟು ವರ್ಷ ಸೆರೆಯಲ್ಲಿ ಕಳೆದಿದ್ದರು.

ಬೆಟ್ಟದ ಮೇಲೆ 'ವರ್ಕ್‌ಶಾಪ್' ಎಂದು ಕರೆಯಲಾಗುತ್ತಿದ್ದ ಕೋಣೆಯಲ್ಲಿ ವಿದ್ಯುತ್ ಆಘಾತ ಕೊಟ್ಟರೆಂದು ಹಲವರು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ ಹೇಳಿಕೆಯಿತ್ತರು. ೧೯೯೯ರಲ್ಲಿ ಆ ಸಮಿತಿಯನ್ನು ನೇಮಿಸಿದ್ದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು, ೮೯ ಮಂದಿಗೆ ಒಟ್ಟು ೨.೮೦ ಕೋಟಿ ರೂಪಾಯಿ ಮಧ್ಯಂತರ ಪರಿಹಾರವನ್ನು ಸೂಚಿಸಿದ್ದು ೨೦೦೭ರ ಜನವರಿಯಲ್ಲಿ. ವೀರಪ್ಪನ್ ಸತ್ತು ಆಗಲೇ ಎರಡು ವರ್ಷ ಮೀರಿತ್ತು. ತಮಿಳುನಾಡು ಸರ್ಕಾರ ತನ್ನ ಕಾರ್ಯಪಡೆಯವರಿಗೆ ನಗದು ಬಹುಮಾನವನ್ನೂ ನಿವೇಶನವನ್ನೂ ೨೦೦೪ರಲ್ಲಿಯೇ ಘೋಷಿಸಿಬಿಟ್ಟಿತ್ತು.