ಎರೆಭೂತವೂ ಕೋವಿಯ ಕಣ್ಣೂ

ಆದವಾನಿಯಿಂದ ಗುಂತಕಲ್ಲಿನ ಕಡೆಗೆ ಸಾಗುವ ರೈಲಿನಲ್ಲಿ ಕುಳಿತು ಆಸ್ಪರಿಯ ಸುತ್ತಣ ನೆಲವನ್ನು ನೋಡಿದವರಿಗೆ ಬೇಟೆಗಾರನ ಕಷ್ಟವೇನೆಂಬುದು ಒಡನೆಯೇ ತಿಳಿಯುತ್ತದೆ. ಮರವಿಲ್ಲ, ಮರೆಯಿಲ್ಲ. ಕಣ್ಣು ಹಾಯುವವರೆಗೂ ಎರೆಯ ಬಯಲು. ಈ ಬಯಲಿನಲ್ಲಿಯೇ ಒಂದು ಕಾಲದಲ್ಲಿ ನಮ್ಮ ನಾಡಿನ ಅತ್ಯಂತ ಭಾರವಾದ ಹಾರುವ ಹಕ್ಕಿ ಓಡಾಡುತ್ತಿತ್ತು. ಸಿರುಗುಪ್ಪದ ಕಡೆಯ ಕನ್ನಡಿಗರು ಅದನ್ನು ಎರೆಭೂತವೆಂದು ಕರೆಯುತ್ತಾರೆ. ತೆಲುಗರು ಬಟ್ಟಮೇಕ ಎನ್ನುತ್ತಾರೆ. ೧೯೫೩ನೆಯ ಅಕ್ಟೋಬರ್ ೧ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದುವು. ಹಕ್ಕಿಗೆ ಮಾತ್ರ ಆ ಗೆರೆಯ ಅರಿವಿರಲಿಲ್ಲ. ಅದು ಎರಡು ನುಡಿಗಳ ಹೆಸರನ್ನೂ ಹೊತ್ತು ಎರಡು ಕಡೆಯೂ ಮೇಯುತ್ತಿತ್ತು.

ಪೂರ್ಣವಾಗಿ ಬೆಳೆದ ಗಂಡು ಸುಮಾರು ಒಂದು ಮೀಟರ್ ಎತ್ತರ, ಹದಿನೈದು ಕಿಲೋಗ್ರಾಂವರೆಗೂ ತೂಕ. ಇಷ್ಟು ದೊಡ್ಡ ಗುರಿಯನ್ನು ಹೊಡೆಯುವುದು ಸುಲಭವೆಂದು ವಾಚಕರು ಭಾವಿಸಬಹುದು. ಹಾಗಿರಲಿಲ್ಲ. ಕಾಲ್ನಡಿಗೆಯಲ್ಲಿ ಬರುವ ಮನುಷ್ಯನನ್ನು ಅದು ಬಹುದೂರದಿಂದಲೇ ಕಂಡು ಸರಿದುಬಿಡುತ್ತಿತ್ತು. ಆದರೆ ಎತ್ತಿನ ಗಾಡಿಗೆ ಅಷ್ಟಾಗಿ ಅಂಜುತ್ತಿರಲಿಲ್ಲ. ಆದುದರಿಂದ ಬೇಟೆಗಾರರು ಗಾಡಿಯ ಮರೆಯಲ್ಲಿ ಬಳಸಿಕೊಂಡು ಹತ್ತಿರವಾಗುತ್ತಿದ್ದರು. ಹತ್ತಿರವಾದ ಮೇಲೆ ಉಳಿಯುವ ಪ್ರಶ್ನೆಯೇ ಈ ಲೇಖನದ ವಿಷಯ: ಕೋವಿಯನ್ನು ಗುರಿಗೆ ಹೊಂದಿಸುವುದು ಹೇಗೆ?

ಹಳೆಯ ಬತ್ತಿಕೋವಿಯ ನಳಿಗೆಯ ತುದಿಯಲ್ಲಿ ಒಂದು ಸಣ್ಣ ಉಬ್ಬು ಇರುತ್ತಿತ್ತು. ಹಿಂದುಸ್ತಾನಿಯಲ್ಲಿ ಅದಕ್ಕೆ ಮಕ್ಖಿ, ಎಂದರೆ ನೊಣ, ಎಂದು ಹೆಸರು. ಕೋವಿಯ ಮೂತಿಯ ಮೇಲೆ ನೊಣ ಕುಳಿತಂತೆ ಕಾಣುವುದರಿಂದ ಈ ಹೆಸರು ಬಂದಿರಬೇಕು. ಗುರಿ ನೋಡುವ ಕಣ್ಣಿಗೆ ದೀದ್‌ಬಾನ್ ಎಂಬ ಪಾರಸಿ ಹೆಸರೂ ಉಂಟು; ಆ ಮಾತಿಗೆ ಕಾವಲುಗಾರನೆಂಬ ಅರ್ಥವೂ ಇದೆ. ಅಕ್ಬರನು ತನ್ನ ಮೆಚ್ಚಿನ ಕೋವಿಗೆ ಸಂಗ್ರಾಮ ಎಂದು ಹೆಸರಿಟ್ಟಿದ್ದನೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ಅಂತಹ ಒಂಟಿ ಗುಂಡಿನ ಕೋವಿಗೆ ಮುಂಗಣ್ಣು, ಹಿಂಗಣ್ಣು ಎರಡೂ ಬೇಕು. ಎರಡು ಬಿಂದುಗಳು ಸೇರಿದರಲ್ಲವೇ ಒಂದು ರೇಖೆ?

ಚರೆಕೋವಿಯ ಮಾತು ಬೇರೆ. ಅದರಿಂದ ಹೊರಡುವ ನೂರಾರು ಸಣ್ಣ ಚರೆಗಳು ನಲವತ್ತು ಗಜದ ದೂರದಲ್ಲಿ ಒಂದು ಗಜದಷ್ಟೋ ಅದಕ್ಕೂ ಹೆಚ್ಚೋ ಅಗಲಕ್ಕೆ ಹರಡುತ್ತವೆ. ಹಾರುವ ಹಕ್ಕಿಯ ಮೇಲೆ ನಿಧಾನವಾಗಿ ಗುರಿಯಿಡಲು ಸಮಯವೂ ಇರುವುದಿಲ್ಲ. ಆದುದರಿಂದ ಆ ಕೋವಿಗೆ ತುದಿಯಲ್ಲಿ ಒಂದು ಹಿತ್ತಾಳೆಯ ಮಣಿ ಸಾಕೆಂಬುದು ರೂಢಿ. ಹಿಂಗಣ್ಣೇ ಇಲ್ಲವೆಂದಲ್ಲ, ಬೇಟೆಗಾರನ ಸ್ವಂತ ಕಣ್ಣೇ ಹಿಂಗಣ್ಣು. ಕೆನ್ನೆಯನ್ನು ಕೋವಿಯ ಹಿಡಿಗೆ ಪ್ರತಿಸಲವೂ ಒಂದೇ ಬಗೆಯಾಗಿ ಒತ್ತಿದರೆ ಮಾತ್ರ ಆ ಕಣ್ಣು ತನ್ನ ಸ್ಥಾನದಲ್ಲಿ ನಿಲ್ಲುತ್ತದೆ. ಇಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಕಣ್ಣಿಗೂ ಮಣಿಗೂ ಮೂರು ಅಡಿ ಅಂತರ. ಕೆನ್ನೆ ಕಾಲಂಗುಲ ಮೇಲೆದ್ದಿತೆನ್ನೋಣ. ನಲವತ್ತು ಗಜ ಎಂದರೆ ೧೨೦ ಅಡಿ, ಮೂರರ ನಲವತ್ತು ಪಟ್ಟು. ಕಾಲಂಗುಲದ ತಪ್ಪು ಅಲ್ಲಿಗೆ ಮುಟ್ಟುವ ಹೊತ್ತಿಗೆ ಹತ್ತು ಅಂಗುಲವಾಗುತ್ತದೆ, ಏಟು ಹಕ್ಕಿಯ ಮೇಲೆ ಹಾದುಹೋಗುತ್ತದೆ. ಸರೂಪ ತ್ರಿಕೋಣಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಎರೆಭೂತದಂತಹ ದೊಡ್ಡ ಮೈಯ ಹಕ್ಕಿಗೆ ಮಣಿಯೊಂದೇ ಸಾಕಾಗಿತ್ತು. ಆದರೆ ಅಮೆರಿಕದ ಟರ್ಕಿಕೋಳಿಗೆ ಸಾಲದಾಯಿತು. (ಈ ಕೋಳಿಯ ಹೆಸರಿನ ಕಥೆಯೇ ವಿನೋದವಾದುದು: ಆಂಗ್ಲರು ಅದನ್ನು ತುರ್ಕರ ದೇಶದ್ದೆಂದರೆ, ತುರ್ಕರು ಅದನ್ನು ‘ಹಿಂದಿ’ ಎಂದು ಕರೆದು ನಮ್ಮ ತಲೆಗೆ ಕಟ್ಟಿದ್ದಾರೆ! ಗೋವೆಯಿಂದ ಅದನ್ನು ತರಿಸಿ ೧೬೧೨ರಲ್ಲಿ ಜಹಾಂಗೀರನು ಕಂಡು ಬೆರಗಾದನು. ಚಿತ್ರಕಾರ ಮನ್ಸೂರನು ಅದರ ಚಿತ್ರವನ್ನು ಬರೆದನು.) ಕಾಡಿನ ಟರ್ಕಿಯನ್ನು ಹಾರುವಾಗ ಹೊಡೆಯುವುದಿಲ್ಲ, ನಿಂತಿರುವಾಗ ತಲೆ ಮತ್ತು ಕತ್ತಿಗೆ ಗುರಿಯಿಡುತ್ತಾರೆ. ೧೮೬೬ರಿಂದೀಚೆಗೆ ನಳಿಗೆಯ ಬಾಯಿಯನ್ನು ಕೊಂಚ ಬಿಗಿಮಾಡಿ ಚರೆಗಳನ್ನು ಒತ್ತಾಗಿ ಕಳುಹುವ ಉಪಾಯ ರೂಢಿಗೆ ಬಂದಿತು. ಚರೆ ಒತ್ತಾದಷ್ಟೂ ಗುರಿ ಕಟ್ಟುನಿಟ್ಟಾಗಬೇಕು. ಆದುದರಿಂದ ಟರ್ಕಿಯ ಬೇಟೆಗಾರನು ನಳಿಗೆಯ ನಡುವೆ ಇನ್ನೊಂದು ಮಣಿಯನ್ನೋ, ಬಂದೂಕಿನಂತಹ ಹಿಂಗಣ್ಣನ್ನೋ, ಮಬ್ಬಿನಲ್ಲಿಯೂ ಹೊಳೆಯುವ ಬಣ್ಣದ ತಂತುವನ್ನೋ ಆರಿಸಿಕೊಳ್ಳುತ್ತಾನೆ. ಗಾಜಿನಲ್ಲಿ ಕೆಂಪು ಚುಕ್ಕೆ ತೋರುವ ಸಾಧನವೂ ಈಗ ಇದೆ. ಕೆನ್ನೆ ತುಸು ಸರಿದರೂ ಚುಕ್ಕೆ ಗುರಿಯ ಮೇಲೆಯೇ ನಿಲ್ಲುವುದು ಅದರ ಗುಣ. ನನ್ನ ಅಭಿಪ್ರಾಯದಲ್ಲಿ, ಕೆನ್ನೆಯ ಶಿಸ್ತನ್ನು ಕಲಿಯದವನಿಗೆ ಅದು ಉಪಯುಕ್ತ. ಕಲಿತವನಿಗೆ ಎರಡು ಮಣಿಗಳೇ ಸಾಕು.

ನಮ್ಮ ಸೀಮೆಯಲ್ಲಿ ಕೋವಿ ಯಾರ ಕೈಯಲ್ಲಿರಬೇಕೆಂಬುದು ಬಹುಕಾಲದಿಂದ ರಾಜಕಾರಣದ ಪ್ರಶ್ನೆ. ೧೮೦೦ರಲ್ಲಿ ನಿಜಾಮನಿಂದ ಈ ಪ್ರಾಂತ ಕಂಪೆನಿಯ ಕೈಗೆ ಬಂದಾಗ ಸುಮಾರು ಎಂಬತ್ತು ಮಂದಿ ಪಾಳೆಯಗಾರರು ಇಲ್ಲಿದ್ದರು. ಅವರ ಬಲವನ್ನು ಮುರಿದವನು ಥಾಮಸ್ ಮನ್ರೋ. ೧೮೨೭ರಲ್ಲಿ ಅವನು ತೀರಿಕೊಂಡದ್ದೂ ಹತ್ತಿರದ ಪತ್ತಿಕೊಂಡದಲ್ಲಿಯೇ. ೧೮೫೭ರಲ್ಲಿ ಮುಧೋಳದ ಬಳಿಯ ಹಲಗಲಿಯ ಬೇಡರು ಆಯುಧವನ್ನೊಪ್ಪಿಸಲು ನಿರಾಕರಿಸಿದರು; ಊರಿಗೆ ಬೆಂಕಿ ಬಿದ್ದಿತು, ಹತ್ತೊಂಬತ್ತು ಮಂದಿ ಗಲ್ಲಿಗೇರಿದರು. ಫ್ಲೀಟನು ಸಂಗ್ರಹಿಸಿದ ಲಾವಣಿಗಳಲ್ಲಿ ಆ ಪ್ರಸಂಗವೂ ಉಂಟು. ೧೮೭೮ರ ಶಸ್ತ್ರಶಾಸನವು ಪರವಾನಗಿಯನ್ನು ಕಡ್ಡಾಯ ಮಾಡಿತು. ಬೇಟೆಯನ್ನೇ ಕುಲವೃತ್ತಿಯಾಗಿ ಉಳ್ಳವನ ಕೈ ಬರಿದಾಯಿತು; ಬೇಟೆಯನ್ನು ವಿನೋದವಾಗಿ ಉಳ್ಳ ದೊರೆಯ ಕೈ ತುಂಬಿತು. ಅದಕ್ಕೆ ಮೊದಲೇ, ದಖ್ಖನಿನಲ್ಲಿ ಒಬ್ಬ ದೊರೆ ಸಾವಿರದಷ್ಟು ಎರೆಭೂತಗಳನ್ನು ಹೊಡೆದಿದ್ದನೆಂದು ಕರ್ನಲ್ ಸೈಕ್ಸ್ ೧೮೩೦ರ ದಶಕದಲ್ಲಿ ಬರೆದಿದ್ದಾನೆ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಹೆಚ್ಚು ಚುರುಕಾದ ಕಣ್ಣಿನ ಕೋವಿಗೆ ಗುರಿಯಾದ ಟರ್ಕಿ ಇಂದು ಲಕ್ಷ ಲಕ್ಷವಾಗಿ ಬದುಕಿದೆ. ಒಂಟಿ ಮಣಿಯ ಕೋವಿಗೆ ಗುರಿಯಾದ ಎರೆಭೂತ ಅಳಿವಿನಂಚಿಗೆ ಬಂದಿದೆ. ಟರ್ಕಿಯೂ ಒಮ್ಮೆ ಅನೇಕ ಸಂಸ್ಥಾನಗಳಲ್ಲಿ ನಿರ್ನಾಮವಾಗಿತ್ತು. ೧೯೩೭ರಲ್ಲಿ ಅಮೆರಿಕವು ಕೋವಿ ಮತ್ತು ಮದ್ದಿನ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಟ್ಟಿತು; ಉಳಿದ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಬರಿದಾದ ಕಾಡುಗಳಲ್ಲಿ ಬಿಟ್ಟಿತು. ಮೇಲಾಗಿ ಟರ್ಕಿ ಒಂದು ಸಲಕ್ಕೆ ಹತ್ತು ಹನ್ನೆರಡು ಮೊಟ್ಟೆಯಿಡುತ್ತದೆ. ಎರೆಭೂತ ಇಡುವುದು ಸಾಮಾನ್ಯವಾಗಿ ಒಂದೇ, ಅದೂ ಬರಿಯ ನೆಲದ ಮೇಲೆ. ತುಂಗಭದ್ರೆಯ ಕಾಲುವೆ ಬಂದು ಹುಲ್ಲುಗಾವಲುಗಳು ಗದ್ದೆಗಳಾದಾಗ ಆ ನೆಲವೂ ಕುಗ್ಗಿತು. ಕಾಲುವೆ ಬಾರದಿರಲಿ ಎಂದು ರೈತನಿಗೆ ಹೇಳುವ ಧೈರ್ಯ ಯಾರಿಗೂ ಇರಲಾರದು. ೧೯೭೨ರ ಶಾಸನ ಬೇಟೆಯನ್ನು ನಿಷೇಧಿಸಿತು. ೧೯೮೮ರಲ್ಲಿ, ಅಂದಿನ ಕರ್ನೂಲು ಜಿಲ್ಲೆಯ ರೊಳ್ಳಪಾಡಿನಲ್ಲಿ, ಈ ಹಕ್ಕಿಗಾಗಿ ಅಭಯಾರಣ್ಯ ಸ್ಥಾಪಿತವಾಯಿತು. ಆದರೂ ದೇಶದಲ್ಲಿ ಇಂದು ಉಳಿದಿರುವವು ಇನ್ನೂರಕ್ಕೂ ಕಡಿಮೆ. ಸಿರುಗುಪ್ಪದ ಎರೆಯಲ್ಲಿ ಬೆರಳೆಣಿಕೆಯಷ್ಟು.

ಈಗ ಅದನ್ನು ಕೊಲ್ಲುವುದು ಹೆಚ್ಚಾಗಿ ಕೋವಿಯಲ್ಲ, ವಿದ್ಯುತ್ತಿನ ತಂತಿ. ಹಕ್ಕಿಯ ಕಣ್ಣುಗಳು ತಲೆಯ ಎರಡು ಮಗ್ಗುಲಿಗಿವೆ. ಪಕ್ಕದಿಂದ ಬರುವ ಬೇಟೆಗಾರನನ್ನು ದೂರದಿಂದಲೇ ಕಾಣಲು ಅವು ತಕ್ಕವು; ನೇರ ಮುಂದೆ ಅಡ್ಡವಾಗಿರುವ ತೆಳ್ಳನೆಯ ತಂತಿಯನ್ನು ಕಾಣಲು ತಕ್ಕವಲ್ಲ. ಕಂಡರೂ, ಅಷ್ಟು ಭಾರದ ಮೈ ಹಠಾತ್ತನೆ ತಿರುಗಲಾರದು.