ಕಮಾನು ಗಾಡಿಯಲ್ಲಿ ನೆಂಟರೂರಿಗೆ

ಚಿಕ್ಕಬಳ್ಳಾಪುರ ತಾಲ್ಲೂಕಿನ ಉತ್ತರಕ್ಕಿರುವ ಮಂಡಿಕಲ್ ಹೋಬಳಿಯ ರೈತ ಮನೆತನಗಳ ನೆಂಟಸ್ತಿಕೆ, ಬಸ್ಸು ಬರುವುದಕ್ಕೆ ಮೊದಲು, ಎತ್ತುಗಳ ನಡಿಗೆಗೆ ತಕ್ಕಂತೆ ಹಬ್ಬಿತ್ತು. ಜೋಡಿ ಎತ್ತು ಗಂಟೆಗೆ ಮೂರು ನಾಲ್ಕು ಕಿಲೋಮೀಟರು ನಡೆಯುತ್ತದೆ. ನಸುಕಿನಲ್ಲಿ ಹೂಡಿ, ಬಿಸಿಲೇರಿದಾಗ ಬಿಚ್ಚಿ, ಇಳಿಹೊತ್ತಿಗೆ ಮತ್ತೆ ಹೂಡಿದರೆ ಒಂದೆರಡು ದಿನದಲ್ಲಿ ಮುಟ್ಟಬಹುದಾದ ಊರುಗಳಿಗೇ ಹೆಚ್ಚಾಗಿ ಹೆಣ್ಣು ಕೊಟ್ಟು ತರುವ ಬಳಕೆ. ಪಡುವಲಿಗೆ ಗೌರಿಬಿದನೂರು, ಅದರಾಚೆ ಹಿಂದೂಪುರ. ಮೂಡಲಿಗೆ ಶಿಡ್ಲಘಟ್ಟ, ಚಿಂತಾಮಣಿ. ಕನ್ನಡ, ತೆಲುಗು ಎರಡೂ ಮನೆಮಾತಾಗಿರುವ ಈ ಸೀಮೆಯಲ್ಲಿ ಬೀಗರ ಊರು ಮೈಸೂರು ಸಂಸ್ಥಾನಕ್ಕೆ ಸೇರಿದ್ದೋ ಮದರಾಸು ಪ್ರಾಂತಕ್ಕೆ ಸೇರಿದ್ದೋ ಎಂಬುದು ಸಂಬಂಧಕ್ಕೆ ಅಡ್ಡಿಯಾಗಲಿಲ್ಲ.

ಗಾಡಿಯ ಕಾಲವೇನೂ ಅನಾದಿಯದಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಮೈಸೂರು ಸೀಮೆಯಲ್ಲಿ ಸರಕು ಬಹುಪಾಲು ಹೇರೆತ್ತುಗಳ ಬೆನ್ನ ಮೇಲೆಯೇ ಸಾಗುತ್ತಿತ್ತು. ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ 1834ರಿಂದ 1861ರ ಅವಧಿಯಲ್ಲಿ ಸಂಸ್ಥಾನದೊಳಗೆ ಸುಮಾರು 1,600 ಮೈಲಿ ರಸ್ತೆಯಾಯಿತು. ಗಾಡಿಗಳು ಹೆಚ್ಚಿದ್ದು ಆಮೇಲೆ. ಬೇಸಾಯಕ್ಕೆ ಗೊಬ್ಬರ, ಹುಲ್ಲು, ರಾಗಿ ಹೇರುವ ಗಾಡಿಯೇ ನೆಂಟರ ಮನೆಗೂ ಹೊರಡುತ್ತಿತ್ತು. ಹೊರಡುವ ಮುನ್ನ ಬಿದಿರಿನ ದಬ್ಬೆಗಳನ್ನು ಬಾಗಿಸಿ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸುತ್ತಿದ್ದರು. ಒಳಗೆ ಮೊಣಕಾಲುದ್ದ ಹುಲ್ಲು, ಅದರ ಮೇಲೆ ಜಮಖಾನೆ. ಆ ಹುಲ್ಲು ಹೋಗುವಾಗ ಹಾಸಿಗೆ, ದಾರಿಯಲ್ಲಿ ಎತ್ತುಗಳಿಗೆ ಮೇವು. ಸವಾರಿಗೆಂದೇ ಬೇರೆ ಗಾಡಿ ಇಟ್ಟುಕೊಂಡವರು ಪಟೇಲ, ಶ್ಯಾನುಭೋಗರಂಥ ಅನುಕೂಲವಂತರು ಮಾತ್ರ.

ಗಾಡಿ ಹೊರಡಬೇಕಾದರೆ ಊರಿನ ಹಲವು ಕಸುಬಿನವರ ಕೈ ಸೇರಬೇಕಿತ್ತು. ಚಕ್ರದ ಗುಂಭ, ಅರೆಗಳನ್ನು ಕೂಡಿಸುವವನು ಬಡಗಿ. ಕಬ್ಬಿಣದ ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಚಕ್ರಕ್ಕೆ ಏರಿಸಿ, ನೀರು ಹೊಯ್ದು ಬಿಗಿಸುವವನು ಕಮ್ಮಾರ. ಎತ್ತುಗಳಿಗೆ ಲಾಳ ಕಟ್ಟಿಸಬೇಕು, ಅಚ್ಚಿಗೆ ಕೀಲೆಣ್ಣೆ ಹಾಕಬೇಕು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಆ ಎಣ್ಣೆಯ ಕೊಳವೆ ಗಾಡಿಗೆ ಜೋತಾಡುತ್ತಲೇ ಇರುತ್ತಿತ್ತು. ರಾತ್ರಿಯ ದಾರಿಗೆ ಗಾಡಿಯ ಕೆಳಗೊಂದು ಲಾಟೀನು.

ನೆಂಟರೂರಿಗೆ ಹೋಗುವ ಕಾಲವನ್ನು ಹೊಲವೇ ಗೊತ್ತುಮಾಡುತ್ತಿತ್ತು. ರಾಗಿ ಕೊಯ್ಲಾಗಿ ಕಣದ ಕೆಲಸ ಮುಗಿಯುತ್ತ ಬಂದಾಗಿನಿಂದ ಯುಗಾದಿಯ ಆಚೀಚೆಯವರೆಗೆ ಎತ್ತುಗಳಿಗೂ ಆಳುಗಳಿಗೂ ಬಿಡುವು. ಉತ್ತರ ಪಿನಾಕಿನಿ, ಚಿತ್ರಾವತಿಗಳು ಆಗ ಬರೀ ಮರಳು. ಸೇತುವೆಯಿಲ್ಲದ ಕಡೆಯೂ ಗಾಡಿ ದಾಟುತ್ತಿತ್ತು. ಈ ಸುತ್ತಿನ ದೊಡ್ಡ ಜಾತ್ರೆಗಳೂ ಇದೇ ತಿಂಗಳುಗಳಲ್ಲಿ ಬರುತ್ತವೆ: ಪುಷ್ಯದಲ್ಲಿ ಘಾಟಿ ಸುಬ್ರಹ್ಮಣ್ಯ, ಶಿವರಾತ್ರಿಗೆ ನಂದಿಯ ಭೋಗನಂದೀಶ್ವರ, ಚೈತ್ರದಲ್ಲಿ ವಿದುರಾಶ್ವತ್ಥ. ಹೆಣ್ಣುಮಕ್ಕಳನ್ನು ಮೊದಲ ಹೆರಿಗೆಗೆ ತವರಿಗೆ ಕರೆತರುವುದು, ಬಾಣಂತನ ಮುಗಿಸಿ ಮಡಿಲು ತುಂಬಿ ಕಳಿಸುವುದು ಮಾತ್ರ ಕಾಲಕ್ಕೆ ಕಾಯುವಂಥದ್ದಲ್ಲ. ಆಗ ಹುಲ್ಲನ್ನು ಇನ್ನಷ್ಟು ದಪ್ಪ ಹಾಸಿ, ಗಾಡಿಯನ್ನು ನಿಧಾನವಾಗಿ ಹೊಡೆಯುತ್ತಿದ್ದರು.

ದಾರಿಯಲ್ಲಿ ಗಾಡಿಯೇ ಮನೆ. ಊರ ಹೊರಗಿನ ಗುಂಡುತೋಪಿನಲ್ಲಿ ನೆರಳು, ಪಕ್ಕದ ಕೆರೆಯಲ್ಲೋ ಕುಂಟೆಯಲ್ಲೋ ನೀರು. ಎತ್ತು ಬಿಚ್ಚಿ ಚಕ್ರಕ್ಕೆ ಕಟ್ಟಿ, ಮೂರು ಕಲ್ಲು ಹೂಡಿದರೆ ಒಲೆಯಾಯಿತು. ಮೊದಲ ಹೊತ್ತಿಗೆ ಮನೆಯಿಂದ ತಂದ ಬುತ್ತಿ, ಆಮೇಲೆ ಮುದ್ದೆ, ಸಾರು. ಹೆಂಗಸರು, ಮಕ್ಕಳು ಕಮಾನಿನೊಳಗೆ ಮಲಗಿದರೆ ಗಂಡಸರು ಗಾಡಿಯ ಕೆಳಗೆ, ಎತ್ತುಗಳ ಕಾವಲಿಗೆ. ಮೈಸೂರು ಸೀಮೆಯ ಹಳ್ಳಿಹಳ್ಳಿಗೂ ಇದ್ದ ಈ ತೋಪುಗಳನ್ನು ಹಣ್ಣಿನ ಮರಗಳ ಗುಂಪೆಂದಷ್ಟೇ ನೋಡಿದರೆ ಅವುಗಳ ಅರ್ಧ ಉಪಯೋಗ ಮರೆತಂತಾಗುತ್ತದೆ.

ಜಾತ್ರೆಯ ಬಯಲಿನಲ್ಲಿ ಈ ವಾಸ ದಿನಗಟ್ಟಲೆ ನಡೆಯುತ್ತಿತ್ತು. ಒಂದೂರಿನ ಗಾಡಿಗಳು ಒಟ್ಟಿಗೆ ನಿಲ್ಲುವುದರಿಂದ ಬೇರೆ ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು ತವರಿನ ಗಾಡಿಗಳನ್ನು ಹುಡುಕಿಕೊಂಡು ಬರಲು ಅನುಕೂಲ. ಅಕ್ಕತಂಗಿಯರು ಸೇರುವುದು, ಸೋದರಮಾವ ಮಕ್ಕಳಿಗೆ ಬಳೆ, ಬತ್ತಾಸು ಕೊಡಿಸುವುದು, ಗಂಡುಹೆಣ್ಣಿನ ಮಾತು ಎತ್ತುವುದು ಎಲ್ಲ ಅಲ್ಲೇ. ನಂದಿ, ಘಾಟಿಗಳಲ್ಲಿ ದನಗಳ ಪರಿಷೆಯೂ ಕೂಡುವುದರಿಂದ ಹೋದ ಎತ್ತು ಮಾರಿ ಬೇರೊಂದು ಹಳ್ಳಿಕಾರ್ ಜೋಡಿಯನ್ನು ಹೂಡಿಕೊಂಡು ಮರಳುವವರಿದ್ದರು. ಹತ್ತಾರು ಮನೆಗಳನ್ನು ಸುತ್ತಿ ಕಾಣಬೇಕಾದ ಬಳಗ ಒಂದೇ ಬಯಲಿನಲ್ಲಿ ಸಿಗುವ ಈ ಏರ್ಪಾಡು ಆ ಕಾಲದ ದೊಡ್ಡ ಜಾಣತನ. ಹೀಗೆ ಊರೂರಿಂದ ಜನ ನೆರೆಯುತ್ತಿದ್ದ ಜಾತ್ರೆಯ ಕಾಲದಲ್ಲೇ, 1938ರ ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹ ನಡೆದು ಪೊಲೀಸರ ಗುಂಡಿಗೆ ಜನ ಬಲಿಯಾದರು.

ಗೌರಿಬಿದನೂರಿಗೆ ರೈಲು ಬಂದದ್ದು 1890ರ ದಶಕದಲ್ಲಿ. ಬೌರಿಂಗ್‌ಪೇಟೆಯಿಂದ (ಇಂದಿನ ಬಂಗಾರಪೇಟೆ) ಕೋಲಾರಕ್ಕೆ 1913ರಲ್ಲಿ ಓಡಿದ ಕಿರುಹಳಿಯ ರೈಲು ಮುಂದೆ ಚಿಂತಾಮಣಿ, ಶಿಡ್ಲಘಟ್ಟಗಳ ಮೇಲೆ ಚಿಕ್ಕಬಳ್ಳಾಪುರ ಮುಟ್ಟಿತು. ನಿಲ್ದಾಣದಿಂದ ಊರಿಗೆ ಮತ್ತೆ ಗಾಡಿಯೇ ಬೇಕಿದ್ದರಿಂದ ಹಳ್ಳಿಗಳಲ್ಲಿ ರೈಲು ಗಾಡಿಯನ್ನು ಬಿಡಿಸಲಿಲ್ಲ. ಬಿಡಿಸಿದ್ದು ಬಸ್ಸು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು. ಸರ್ಕಾರಿ, ಖಾಸಗಿ ಬಸ್ಸುಗಳು ಹೋಬಳಿ ಊರುಗಳನ್ನು ಮುಟ್ಟಿದಂತೆ ಬೆಳಿಗ್ಗೆ ಹೋಗಿ ಸಂಜೆಗೆ ಮರಳುವುದು ಸಾಧ್ಯವಾಯಿತು. ಹೆರಿಗೆಗೆ, ಕಾಯಿಲೆಗೆ ಬೇಗ ತಲುಪಬಹುದಾಯಿತು. ವಾರಗಟ್ಟಲೆ ಉಳಿಯುತ್ತಿದ್ದ ನೆಂಟರು ಊಟಕ್ಕೆ ಬಂದು ಹೋಗುವವರಾದರು. ಟೈರುಗಾಡಿ, ಆಮೇಲೆ ಟ್ರ್ಯಾಕ್ಟರು ಬಂದು ಪಟ್ಟಿ ಹೂಡುವ ಕಸುಬೂ ಕುಂದಿತು.

ಘಾಟಿಯ ಪರಿಷೆಗೆ ಈಗ ಎತ್ತುಗಳು ಹೆಚ್ಚಾಗಿ ಲಾರಿ, ಟೆಂಪೊಗಳಲ್ಲಿ ಬರುತ್ತವೆ. ರೈತರು ಮಾತ್ರ ಈಗಲೂ ಅವುಗಳ ಪಕ್ಕದಲ್ಲೇ ಅಡುಗೆ ಮಾಡಿಕೊಂಡು ದಿನಗಟ್ಟಲೆ ತಂಗುತ್ತಾರೆ. ಕಮಾನು ಗಾಡಿಯಲ್ಲಿ ತವರಿಗೆ ಬಂದಿಳಿದ ಅಜ್ಜಿಯರು ಈ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಯಾವ ದಾರಿ, ಯಾವ ತೋಪು, ಎಷ್ಟು ದಿನ ಎಂಬುದನ್ನು ಅವರಿಂದ ಕೇಳಿ ಬರೆದಿಡುವ ಕೆಲಸ ತಡವಾಗಬಾರದು.